ಟೈಲರ್ ಹಿಡಿದ ಒಂಬತ್ತು ರಾಣಿಯರು

ಎಲ್ಲರಿಗೂ ಕಾಲಗಳು ಮೂರಾದರೆ ಟೈಲರ್‌ಗೆ ಒಂದೇ. ಅದು ನಾಳೆ. ಅಳತೆ ಕೊಟ್ಟವರಿಗೆ ನಾಳೆ, ವಿಚಾರಿಸಲು ಬಂದವರಿಗೆ ನಾಳೆ, ಜಗಳಕ್ಕೇ ಬಂದವರಿಗೆ ಕುರ್ಚಿ ಕೊಟ್ಟು, ಫ್ಯಾನು ತಿರುಗಿಸಿ, ಬೆವರು ಆರಿದ ಮೇಲೆ ನಾಳೆ. ಮನುಷ್ಯ ಕೆಟ್ಟವನಲ್ಲ. ಹೊಲಿದರೆ ಹೊಲಿಗೆ ಕಾಣದ ಹಾಗೆ ಹೊಲಿಯುತ್ತಿದ್ದ. ತೊಂದರೆ ಏನೆಂದರೆ ಹೊಲಿಗೆಯ ಜೊತೆ ಬಟ್ಟೆಯೂ ಬಹಳ ದಿನ ಕಾಣುತ್ತಿರಲಿಲ್ಲ.

ಆ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಬೆವರು ಆರಿಸಿಕೊಳ್ಳುತ್ತಿದ್ದವರು ತಂತಿ ಮಾಸ್ತರರು. ಊರಿನ ತಂತಿ ಕಚೇರಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅವರ ನಾಲಿಗೆ ಮಾತ್ರ ಇನ್ನೂ ಡ್ಯೂಟಿಯ ಮೇಲಿತ್ತು. ಮಾತಾಡಿದರೆ ಟೆಲಿಗ್ರಾಂ.

"ಪ್ಯಾಂಟು. ಇಪ್ಪತ್ತೆರಡು ದಿನ. ಕಾರಣ ತಿಳಿಸು," ಎಂದರು.

ಪ್ಯಾಂಟು ಆಗಿಯೇ ಇತ್ತು. ಬಾಕಿ ಇದ್ದದ್ದು ಸೊಂಟದ ಒಂದು ಗುಂಡಿ. ಅದು ಅಂತಿಂಥ ಗುಂಡಿಯಲ್ಲ. ಮಾಸ್ತರರ ಹಳೇ ಯೂನಿಫಾರ್ಮಿನಲ್ಲಿ ಉಳಿದಿದ್ದ ಕಟ್ಟಕಡೆಯ ಹಿತ್ತಾಳೆ ಗುಂಡಿ. ಬೇರೆ ಗುಂಡಿ ಹಾಕಿದರೆ ಆ ಪ್ಯಾಂಟನ್ನು ಮುಟ್ಟುವುದೂ ಇಲ್ಲ ಎಂದು ಅವರು ನಾಲ್ಕೇ ಪದಗಳಲ್ಲಿ ಹೇಳಿದ್ದರು. ಟೈಲರ್ ಅದನ್ನು ಬಹಳ ಜೋಪಾನವಾಗಿ ಗುಂಡಿ ಡಬ್ಬಿಗೆ ಹಾಕಿದ್ದ. ಆ ಡಬ್ಬಿಯಲ್ಲಿ ಅವನ ತಂದೆಯ ಕಾಲದ ಗುಂಡಿಗಳೂ ಇದ್ದವು. ಅದರೊಳಗೆ ಕೈ ಹಾಕಿ ಒಂದನ್ನು ಹುಡುಕಲು ಧೈರ್ಯ ಬೇಕು. ಧೈರ್ಯ ನಾಳೆ ಬರುವುದಿತ್ತು.

ಕಾರಣಕ್ಕಾಗಿ ಟೈಲರ್ ಸೂರು ನೋಡಿದ, ಗೋಡೆ ನೋಡಿದ, ಕೊನೆಗೆ ಹೊಸ್ತಿಲು ನೋಡಿದ. ಬೆಳಿಗ್ಗೆ ವರ್ಷದ ಮೊದಲ ಮಳೆ ಸುರಿದು ಈಗ ಹೂಬಿಸಿಲು ಬಿದ್ದಿತ್ತು. ಹೊಸ್ತಿಲ ಬಿರುಕಿನಿಂದ ಹೊಗೆಯಂಥದ್ದೇನೋ ಏಳುತ್ತಿತ್ತು. ಹೊಗೆಯಲ್ಲ, ರೆಕ್ಕೆಗಳು. ಬಿರುಕಿನ ಬಾಯಿಗೆ ಒಂದೊಂದೇ ದೊಡ್ಡ ಇರುವೆ ಬಂದು, ಈ ಪ್ರಪಂಚ ಏನೆಂದು ಒಂದು ಗಳಿಗೆ ನಿಂತು ನೋಡಿ, ಗಾಜಿನಂಥ ನಾಲ್ಕು ರೆಕ್ಕೆ ಬಿಚ್ಚಿ ಮೇಲೇಳುತ್ತಿತ್ತು. ಎದುರಿನ ಕಟ್ಟಡದ ಮೇಲೆಯೂ, ವಿದ್ಯುತ್ ಕಂಬದ ಸುತ್ತಲೂ, ಬೀದಿಯುದ್ದಕ್ಕೂ ಅದೇ. ಯಾರೋ ಎಲ್ಲ ಬಿಲಗಳಿಗೂ ಒಂದೇ ಹೊತ್ತಿಗೆ ಗಂಟೆ ಬಾರಿಸಿದ ಹಾಗೆ.

"ಸ್ವಲ್ಪ ಸುಮ್ನಿರಿ ಸಾರ್," ಎಂದ ಟೈಲರ್ ದನಿ ತಗ್ಗಿಸಿ. "ರಾಣಿಯರು ಹೊರಟಿದ್ದಾರೆ."

ಇದು ತಪ್ಪಿಸಿಕೊಳ್ಳಲು ಹೇಳಿದ ಮಾತು ನಿಜ, ಆದರೆ ಸುಳ್ಳಲ್ಲ. ಅದಕ್ಕೆ ಆಧಾರವಿತ್ತು. ಆಧಾರ ಗೋಡೆಯ ಮೊಳೆಗೆ ತೂಗುಹಾಕಿತ್ತು: ಹಳೇ ಪತ್ರಿಕೆಯಲ್ಲಿ ಕತ್ತರಿಸಿದ ಒಂದು ಷರ್ಟಿನ ಮಾದರಿ. ಬೆನ್ನಿನ ಭಾಗದಲ್ಲಿ ಇರುವೆಗಳ ಮದುವೆ ಹಾರಾಟದ ಬಗ್ಗೆ ಒಂದು ಲೇಖನ ಬಂದಿತ್ತು. ದಿನಾ ಅದನ್ನೇ ನೋಡಿ ನೋಡಿ ಅವನಿಗೆ ಬಾಯಿಪಾಠ. ಮಳೆಯ ಮರುಗಳಿಗೆ ರೆಕ್ಕೆಯ ಇರುವೆಗಳು ಹೊರಬೀಳುತ್ತವೆ, ಆಕಾಶದಲ್ಲೇ ಮದುವೆ, ಆಮೇಲೆ ರಾಣಿ ಕೆಳಗಿಳಿದು ಒಬ್ಬಳೇ ಒಂದು ರಾಜ್ಯ ಕಟ್ಟುತ್ತಾಳೆ. "ರಾಣಿಯನ್ನು ಗುರುತಿಸುವುದು ಬಹಳ ಸುಲಭ. ಅವಳ..." ಎಂಬಲ್ಲಿಗೆ ತೋಳಿನ ತೂತು ಬಂದಿತ್ತು. ಕತ್ತರಿ ಅಲ್ಲಿ ದುಂಡಗೆ ತಿರುಗಿ ಮುಂದಿನ ಜ್ಞಾನವನ್ನೆಲ್ಲ ಕಸಕ್ಕೆ ಹಾಕಿತ್ತು.

ಉಳಿದದ್ದನ್ನು ಟೈಲರ್ ಸ್ವಂತ ಬುದ್ಧಿಯಿಂದ ತುಂಬಿಕೊಂಡಿದ್ದ. ಮೂವತ್ತು ವರ್ಷ ಜನರ ಮೈ ಅಳೆದವನಿಗೆ ಒಂದು ಇರುವೆ ಹೆಚ್ಚೇ?

ಬೆರಳಿನ ಅಂಗುಸ್ತಾನ ಕಳಚಿ ಒಂದೊಂದರ ಮೇಲೂ ಟೊಪ್ಪಿಯಂತೆ ಬೋರಲು ಹಾಕಿ ಹಿಡಿದ. ಉಪ್ಪಿನಕಾಯಿ ತೊಳೆದಿಟ್ಟ ಗಾಜಿನ ಜಾಡಿಗೆ ಬಿಟ್ಟು, ಬಾಯಿಗೆ ತೆಳು ಲೈನಿಂಗ್ ಬಟ್ಟೆ ಕಟ್ಟಿದ. ಅಳತೆ ಪುಸ್ತಕ ತೆಗೆದು, ಮಾಸ್ತರರ ಸೊಂಟದಳತೆಯ ಕೆಳಗಿನ ಹಾಳೆಯಲ್ಲೇ ಬರೆದುಕೊಂಡ: ಸೊಂಟ, ನೂಲಿನಷ್ಟು. ತಲೆ, ಚಿಕ್ಕದು. ಕಣ್ಣು, ವಿಶಾಲ. ಕಾಲು, ಆರು. ರೆಕ್ಕೆ, ಅಂಚಿನವರೆಗೂ ಉತ್ತಮ ಫಿನಿಶಿಂಗ್. ಕಾಲರ್, ಬೇಡ.

ಹತ್ತನೆಯದು ಹಾರದೆ ನೆಲದ ಮೇಲೆ ನಡೆದು ಬಂತು. ಉಳಿದವುಗಳ ಒಂದೂವರೆಯಷ್ಟು ಉದ್ದ, ಬಲವಾದ ಭುಜ, ದಪ್ಪ ತಲೆ, ತೂಗುವ ಹೊಟ್ಟೆ. ಕತ್ತರಿಸುವ ಮೇಜಿನ ಮೇಲೆ ಬಿಟ್ಟು ಒಂದು ಗಳಿಗೆ ಮಾಸ್ತರರ ಕಡೆ ತಿರುಗಿ ಮತ್ತೆ ನೋಡಿದರೆ ಇರುವೆ ಬೋಳು! ಪಕ್ಕದಲ್ಲಿ ನಾಲ್ಕೂ ರೆಕ್ಕೆ ಚಿಂದಿಯಂತೆ ಬಿದ್ದಿದ್ದವು.

"ಅಯ್ಯಯ್ಯೋ! ನನ್ನ ಹೆಬ್ಬೆರಳು ತಾಗಿಬಿಡ್ತು ಅನ್ಸತ್ತೆ," ಎಂದು ಟೈಲರ್ ಕೈ ಹಿಸುಕಿಕೊಂಡ. "ಪೀಸ್ ಡ್ಯಾಮೇಜ್ ಆಯ್ತು."

ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ಬಂದಳು. ಅಂಗಡಿಯ ಹಿಂದಿನ ಬಾಗಿಲೇ ಮನೆಯ ಮುಂದಿನ ಬಾಗಿಲು. ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇವು ರಾಣೀರಾ?"

"ಮತ್ತೆ? ಸೊಂಟ ನೋಡೇ! ಒನಪು ನೋಡು!"

"ತಲೆ ಚಿಕ್ಕದು, ಕಣ್ಣು ಮಾತ್ರ ಇಷ್ಟು ದೊಡ್ಡದು, ಆಗಿಂದ ಸುಮ್ನೆ ಅಲ್ಲೇ ಸುತ್ತಾಡ್ತಾ ಇವೆ, ಒಂದು ಕೆಲಸ ಇಲ್ಲ," ಎಂದಳು. "ನನಗೇನೋ ಗಂಡಸರ ಹಾಗೆ ಕಾಣ್ತಾರಪ್ಪ."

"ಗುರುತು ಹಿಡಿಯೋದು ಅಂದ್ರೆ ತರಕಾರಿ ಆರಿಸಿದ ಹಾಗಲ್ಲ. ಹೋಗು, ಹೋಗು."

"ಈ ದಪ್ಪಕ್ಕಿರೋದು?"

"ಅದು ಮೂಟೆ ಹೊರೋ ಜಾತಿ. ಭುಜ ನೋಡಿದ್ರೆ ಗೊತ್ತಾಗಲ್ವಾ? ಬಿಸಾಕು."

ಅವಳು ಬಿಸಾಡಲಿಲ್ಲ. "ರೆಕ್ಕೆ ಕಿತ್ತಿದ್ದೂ ಅಲ್ದೆ ಬೀದಿಗೂ ಹಾಕ್ತಾರೆ," ಎಂದು ಗೊಣಗುತ್ತಾ, ಕೈಗೆ ಸಿಕ್ಕ ಡಬ್ಬಿಗೆ ಒಂದು ಉಂಡೆ ಒದ್ದೆ ಹತ್ತಿ ಹಾಕಿ, ಇರುವೆಯನ್ನು ಒಳಗೆ ಬಿಟ್ಟು ಮುಚ್ಚಿ ಕಪಾಟಿನ ಮೂಲೆಗೆ ತಳ್ಳಿದಳು. ಅವಳ ಕೈಗೆ ಸಿಕ್ಕಿದ್ದು ಗುಂಡಿ ಡಬ್ಬಿ.

ತಂತಿ ಮಾಸ್ತರರು ಎದ್ದರು. "ಪ್ಯಾಂಟು ಬಂದಿಲ್ಲ. ಇರುವೆ ಬಂದಿದೆ. ವಿಷಾದ."

ಸುದ್ದಿ ಮಹಡಿ ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ, ಅಂಗಡಿ ಇದ್ದ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಇಳಿದು ಬಂದ. ಅವನು ಮಾತಾಡಿದರೆ ನೋಟಿಸ್ ಬೋರ್ಡೇ ಬಾಯಿ ಬಿಟ್ಟಂತೆ.

"ಈ ಮೂಲಕ ಕೇಳೋದೇನಂದ್ರೆ, ಇದೇನ್ರೀ ಇದು? ಗೆದ್ದಲು ಸಾಕಿದ್ದೀರಂತೆ! ನಲವತ್ತೆಂಟು ಬಾಗಿಲು, ತೊಂಬತ್ತಾರು ಕಿಟಕಿ, ಎಲ್ಲಾ ಮರದ್ದು!"

"ಗೆದ್ದಲಲ್ಲ ಸಾರ್, ಇರುವೆ."

"ರೆಕ್ಕೆ ಇದ್ಮೇಲೆ ಗೆದ್ದಲೇ."

ಇಲ್ಲಿ ಟೈಲರ್ ಸೋಲುವವನಲ್ಲ. ಟೇಪನ್ನು ಕೊರಳಿನಿಂದ ತೆಗೆದು ಪಾಠ ಮಾಡುವವನ ಹಾಗೆ ಹಿಡಿದ. "ಸಾರ್, ಗೆದ್ದಲಿಗೆ ಸೊಂಟಾನೇ ಇರಲ್ಲ. ಭುಜದಿಂದ ಕೆಳಗಿನ ತನಕ ಒಂದೇ ಅಳತೆ, ದಿಂಬಿನ ಕವರ್. ರೆಕ್ಕೆ ನಾಲ್ಕೂ ಒಂದೇ ಉದ್ದ. ಇಲ್ನೋಡಿ, ಮುಂದಿನದು ಉದ್ದ, ಹಿಂದಿನದು ಗಿಡ್ಡ. ಸೊಂಟ ಹೇಗೆ ಒಳಗೆ ಹೋಗಿದೆ ನೋಡಿ. ಇದು ಹೊಲಿದ ಮೈ ಸಾರ್, ಅದು ಸುತ್ತಿದ ಮೈ."

ಕಾರ್ಯದರ್ಶಿ ನೋಡಿದ. ನಿಜವಾಗಿಯೂ ಹಾಗೆಯೇ ಇತ್ತು. ಆದರೆ ಕಾರ್ಯದರ್ಶಿಯಾದವನು ಒಪ್ಪಿಕೊಂಡು ಮೇಲೆ ಹೋಗುವುದು ಹೇಗೆ? "ಇರಲಿ. ಒಂದು ರಾಣಿ ಎಷ್ಟು ಮೊಟ್ಟೆ ಇಡುತ್ತೆ?"

"ಸಾವಿರಾರು," ಎಂದ ಟೈಲರ್ ಹೆಮ್ಮೆಯಿಂದ, ತಾನೇ ಇಡುವವನಂತೆ.

"ಒಂಬತ್ತು ರಾಣೀರು!" ಕಾರ್ಯದರ್ಶಿಯ ತುಟಿ ಅಲ್ಲಾಡತೊಡಗಿತು. "ಕಟ್ಟಡದಲ್ಲಿ ನಾವಿರೋದೇ ನೂರಾ ಎಂಬತ್ತು ಜನ. ಮುಂದಿನ ಸಭೇಲಿ ಬಹುಮತ ಯಾರದ್ದಾಗುತ್ತೆ ಗೊತ್ತೇನ್ರೀ? ನಾಲ್ಕು ದಿನ ಟೈಮು. ತಿಳಿದವರ ಕೈಲಿ ಪರೀಕ್ಷೆ ಮಾಡಿಸಿ ಬರವಣಿಗೇಲಿ ತನ್ನಿ. ತಪ್ಪಿದಲ್ಲಿ ಸಂಘವು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು."

ಆ ಮಾತು ಮುಗಿಯುವಷ್ಟರಲ್ಲಿ ಹೆಂಡತಿಯ ತಮ್ಮ ಬಂದ. ಅವನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಭಾವನನ್ನು ತಿದ್ದುವುದು ಅವನಿಗೆ ಮನೆಯಲ್ಲೂ ಬಿಡದ ಉದ್ಯೋಗ. ಟೈಲರ್ "ಸೂರ್ಯ ಹುಟ್ಟಿದ" ಎಂದರೆ "ಭೂಮಿ ತಿರುಗಿತು ಅನ್ನಿ ಭಾವ" ಎನ್ನುತ್ತಿದ್ದ. ಹದಿನೆಂಟು ವರ್ಷಗಳಲ್ಲಿ ಒಂದೇ ಒಂದು ಸಲವಾದರೂ ಅವನ ಬಾಯಿಂದ "ಸರಿ ಭಾವ" ಎಂಬ ಎರಡು ಪದ ಕೇಳಬೇಕೆಂಬುದು ಟೈಲರ್‌ನ ಆಸೆ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಮಾತ್ರ ಹೇಳದೆಯೇ ಗೊತ್ತಿತ್ತು.

"ಭಾವ, ಒಂಬತ್ತೂ ರಾಣಿ ಅಂತ ನಿಮಗೆ ಖಾತ್ರೀನಾ?"

"ನೂರಕ್ಕೆ ನೂರು."

"ಆಧಾರ?"

ಟೈಲರ್ ಮೊಳೆಯ ಮೇಲಿನ ಷರ್ಟನ್ನು ತೋರಿಸಿದ. ಮೇಷ್ಟ್ರು ಬೆನ್ನಿನ ಮೇಲಿನದನ್ನೆಲ್ಲ ಓದಿ, ತೋಳಿನ ತೂತಿಗೆ ಬಂದು, ಅದರೊಳಗಿನಿಂದ ಭಾವನನ್ನೇ ನೋಡಿದ. "ಭಾನುವಾರ ನಮ್ಮ ಸ್ಕೂಲಲ್ಲಿ ಪ್ರದರ್ಶನ ಇದೆ. ಇರುವೆ ಮೇಡಂ ಬರ್ತಾರೆ. ಮೂವತ್ತು ವರ್ಷ ಇರುವೆ ಬಿಟ್ಟು ಬೇರೇನೂ ನೋಡಿಲ್ಲ ಅವರು. ನಿಮಗೊಂದು ಮೇಜು ಹಾಕಿಸ್ಲಾ?"

"ಹಾಕ್ಸು," ಎಂದ ಟೈಲರ್. ಬಾಯಿಂದ ಬಿದ್ದ ಮಾತಿಗೆ ಆಲ್ಟರೇಷನ್ ಇರುವುದಿಲ್ಲ.

"ಲೋ ತಮ್ಮಾ," ಎಂದು ಅಕ್ಕ ಒಳಗಿನಿಂದ ಕೂಗಿದಳು, "ನಗೋಕ್ಕೆ ಕರೀತಿದ್ದೀಯಾ, ನೋಡೋಕ್ಕೆ ಕರೀತಿದ್ದೀಯಾ?"

ತಮ್ಮ ಆಗಲೇ ಮೇಜಿನ ಮುಂದಿಡುವ ಫಲಕದ ಅಗಲವನ್ನು ಗಾಳಿಯಲ್ಲಿ ಅಳೆಯುತ್ತಾ ಹೊರಟಿದ್ದ. ಅದೇ ಉತ್ತರವಾಯಿತು.

ಭಾನುವಾರ ಟೈಲರ್ ತನಗಾಗಿ ಹೊಲಿದುಕೊಂಡ ಏಕೈಕ ಕೋಟು ತೊಟ್ಟು ಹೋದ. ಶಾಲೆಯ ಸಭಾಂಗಣದಲ್ಲಿ ಹಸಿರು ಬಟ್ಟೆಯ ಮೇಜು, ಅದರ ಮೇಲೆ ಜಾಡಿ, ಎದುರಿಗೆ ಮೇಷ್ಟ್ರು ಬಹಳ ಪ್ರೀತಿಯಿಂದ ಬರೆಸಿದ್ದ ದಪ್ಪಕ್ಷರದ ಫಲಕ: "ಒಂಬತ್ತು ರಾಣಿಯರು. ಗುರುತಿಸಿದವರು: ನಮ್ಮ ಭಾವ." ಸಂಘದ ಕಾರ್ಯದರ್ಶಿ ನೋಟ್‌ಪುಸ್ತಕ ಹಿಡಿದು ಮುಂದಿನ ಸಾಲಿಗೇ ಬಂದು ನಿಂತಿದ್ದ. ರಾಣಿಯರಲ್ಲಿ ಮೂವರು ಕಾಲು ಮಡಚಿ ಮಲಗಿದ್ದರು.

"ಇವರಿಗೇನಾಯ್ತು?" ಎಂದ ಕಾರ್ಯದರ್ಶಿ.

"ವಿಶ್ರಾಂತಿ," ಎಂದ ಟೈಲರ್. "ರಾಜಮನೆತನ."

ಇರುವೆ ಮೇಡಂ ಬಂದರು. ಸಣ್ಣ ಆಳು, ಬಿಳಿ ಕೂದಲು, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ. ದೊಡ್ಡ ದೊಡ್ಡ ಮಾದರಿಗಳನ್ನೆಲ್ಲ ದಾಟಿ ಅವರು ಸೀದಾ ಜಾಡಿಯ ಹತ್ತಿರ ನಿಂತರು. ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಟೈಲರ್ ಕೋಟಿನೊಳಗೆ ಒಂದು ಸೈಜು ಕಡಿಮೆಯಾದ.

"ಎಷ್ಟು ಚೆನ್ನಾಗಿ ಹಿಡಿದಿದ್ದೀರಿ! ಒಂದು ಮೀಸೆ ಮುರಿದಿಲ್ಲ," ಎಂದರು ಕೊನೆಗೆ. ಟೈಲರ್ ಪೂರ್ತಿ ಸೈಜಿಗೆ ಬಂದ. "ಆದ್ರೆ ಒಂಬತ್ತೂ ಗಂಡು."

ಸಭಾಂಗಣವೇ ನಕ್ಕಿತು. ಚಾರ್ಟುಗಳೂ ನಕ್ಕ ಹಾಗಾಯಿತು. ಮೇಷ್ಟ್ರು ಜೋರಾಗಿ ನಗಲಿಲ್ಲ, ಫಲಕವನ್ನು ನೇರ ಮಾಡಿದ, ಅಷ್ಟೇ. ಗುಂಪಿನಲ್ಲಿ ಟೈಲರ್‌ನ ಹೆಂಡತಿ ಮಾತ್ರ ನಗಲಿಲ್ಲ. ಮೊದಲೇ ಹೇಳಿದ್ದವಳು ಎಲ್ಲರಿಗಿಂತ ಮೊದಲು ನಗಬಹುದಿತ್ತು. ಅವಳು ಬಂದು ಗಂಡನ ಪಕ್ಕ ನಿಂತಳು.

"ನಗಬೇಡಿ," ಎಂದರು ಮೇಡಂ, ಶಾಂತವಾಗಿ. "ಇವರು ಹುಟ್ಟಿದ್ದೇ ಒಂದು ಮಧ್ಯಾಹ್ನಕ್ಕಾಗಿ. ರಾಣೀನ ಆಕಾಶದಲ್ಲಿ ಹುಡುಕೋಕ್ಕೆ ಇಷ್ಟು ದೊಡ್ಡ ಕಣ್ಣು. ಯೋಚನೆ ಮಾಡೋ ಕೆಲಸ ಇಲ್ಲ, ಅದಕ್ಕೆ ತಲೆ ಚಿಕ್ಕದು. ರೆಕ್ಕೆ ಸಾಯೋತನಕ ಇರುತ್ತೆ, ಸಾಯೋದೂ ಬೇಗ." ಆಮೇಲೆ ಟೈಲರ್‌ನತ್ತ ತಿರುಗಿದರು. "ಇವು ಹೊರಟ ಜಾಗದಲ್ಲಿ ದೊಡ್ಡದೊಂದು ಸಿಗಲಿಲ್ವಾ? ಭುಜ ಅಗಲ, ಹೊಟ್ಟೆ ದಪ್ಪ?"

ಟೈಲರ್ ಗಂಟಲು ಸರಿಮಾಡಿಕೊಂಡ. ಇಡೀ ಸಭಾಂಗಣ ನಕ್ಕಾಗಿದೆ, ಇನ್ನು ಮುಚ್ಚಿಡುವುದೇನು? "ಒಂದು ಸಿಕ್ತು ಮೇಡಂ. ಆದ್ರೆ ನನ್ನ ಕೈಯಲ್ಲಿ ಡ್ಯಾಮೇಜ್ ಆಯ್ತು. ನಾಲ್ಕೂ ರೆಕ್ಕೆ ಉದುರಿಹೋಯ್ತು. ಪಾಪ ಅನ್ಸತ್ತೆ ಈಗ್ಲೂ."

ಮೇಡಂ ಅವನ ಕೋಟಿನ ತೋಳು ಹಿಡಿದರು. "ನೀವು ಮುರೀಲಿಲ್ಲ. ಅವಳೇ ಮುರ್ಕೊಂಡ್ಲು! ಮದುವೆ ಮುಗಿಸಿ ನೆಲಕ್ಕಿಳಿದ ರಾಣಿ ಮಾಡೋ ಮೊದಲ ಕೆಲಸ ಅದು. ಕಾಲಲ್ಲಿ ಒತ್ತಿ ತಾನೇ ಕಳಚಿಹಾಕ್ತಾಳೆ. ಇನ್ಯಾವತ್ತೂ ಹಾರಲ್ಲ ಅಂತ ತೀರ್ಮಾನ. ಎಲ್ಲಿದ್ದಾಳೆ?"

ಟೈಲರ್ ಬಟ್ಟೆ ನೋಡಿ ಮನುಷ್ಯರನ್ನು ಅಳೆಯುವ ಕಸುಬಿನವನು. ಬಟ್ಟೆ ಕಳಚಿ ನಿಂತ ರಾಣಿಯನ್ನು ಮೂಟೆ ಹೊರುವವಳು ಎಂದಿದ್ದ. "ಬಿಸಾಕು ಅಂದಿದ್ದೆ," ಎಂದ ಮೆಲ್ಲಗೆ.

"ನಾನು ಬಿಸಾಕಲಿಲ್ಲ," ಎಂದಳು ಹೆಂಡತಿ. "ಗುಂಡಿ ಡಬ್ಬೀಲಿ ಇಟ್ಟಿದ್ದೀನಿ. ಒದ್ದೆ ಹತ್ತಿ ಹಾಕಿ."

"ಕತ್ತಲೆ, ತೇವ, ಏಕಾಂತ," ಎಂದರು ಮೇಡಂ, ಅವಳನ್ನು ಮೊದಲ ಬಾರಿಗೆ ಪೂರ್ತಿ ನೋಡುತ್ತಾ. "ಅವಳಿಗೆ ಬೇಕಾಗಿದ್ದು ಅಷ್ಟೇ ಅಂತ ನಿಮಗೆ ಯಾರಮ್ಮಾ ಹೇಳಿದ್ದು?"

"ಯಾರೂ ಇಲ್ಲ. ಸುಸ್ತಾಗಿತ್ತು ಅದಕ್ಕೆ. ಸುಸ್ತಾದವರಿಗೆ ಇನ್ನೇನು ಬೇಕು?"

ಮೇಡಂ ಮುಂದೆ, ಟೈಲರ್ ದಂಪತಿ ಹಿಂದೆ, ಅವರ ಹಿಂದೆ ಮೇಷ್ಟ್ರು, ಅವನ ಹಿಂದೆ ಬರವಣಿಗೆಯಲ್ಲಿ ಉತ್ತರ ಬೇಕಾಗಿದ್ದ ಕಾರ್ಯದರ್ಶಿ. ಮೆರವಣಿಗೆ ಅಂಗಡಿಗೆ ಬಂತು. ಟೈಲರ್ ಕಪಾಟಿನ ಮೂಲೆಗೆ ಕೈ ಹಾಕಿದ. ಡಬ್ಬಿ ಇರಲಿಲ್ಲ. ಇದ್ದದ್ದು ಒಂದು ಚೀಟಿ: "ಪ್ಯಾಂಟು ಒಯ್ದೆ. ಡಬ್ಬಿ ಒಯ್ದೆ. ಗುಂಡಿ ನಾನೇ ಹಾಕುವೆ. ನಾಳೆ ಸಾಕು."

"ನಾಳೆ ಸಾಕು ಅಂದ್ರೆ ನಾಳೆ ಹಾಕ್ತಾರಾ?" ಎಂದ ಕಾರ್ಯದರ್ಶಿ ಆಸೆಯಿಂದ.

"ಇಲ್ಲ ಸಾರ್," ಎಂದ ಟೈಲರ್. "ನನ್ನ ನಾಳೆ ಅವರಿಗೆ ಸಾಕಾಗಿದೆ ಅಂತ." ಅಂದವನೇ ಓಡಿದ, ಮೆರವಣಿಗೆ ಹಿಂದೆಯೇ ಓಡಿತು. ಮೂವತ್ತು ವರ್ಷದಲ್ಲಿ ಅವನು ಒಬ್ಬ ಗಿರಾಕಿಯ ಮನೆಯತ್ತ ಓಡಿದ್ದು ಅದೇ ಮೊದಲು. ಬೀದಿಯ ಜನ ಎದ್ದು ನಿಂತು ನೋಡಿದರು.

ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ತಂತಿ ಮಾಸ್ತರರು ಹೊಸ ಪ್ಯಾಂಟು ತೊಟ್ಟು, ಎಡಗೈಯಲ್ಲಿ ಅದರ ಸೊಂಟ ಹಿಡಿದು, ಬಲಗೈಯಲ್ಲಿ ಚಮಚದ ಹಿಡಿಯಿಂದ ಡಬ್ಬಿಯ ಮುಚ್ಚಳ ಮೀಟುತ್ತಿದ್ದರು.

"ಮುಟ್ಟಬೇಡಿ ಸಾರ್!"

"ಮುಚ್ಚಳ ಬಿಗಿ. ಅಲ್ಲಾಡಿಸಿದೆ. ಗುಂಡಿ ಶಬ್ದ ಬಂತು," ಎಂದರು ಮಾಸ್ತರರು, ಇನ್ನೊಮ್ಮೆ ಅಲ್ಲಾಡಿಸಿ ತೋರಿಸಲು ಕೈ ಎತ್ತುತ್ತಾ.

ಐದು ಜನರ ಬಾಯಿಂದ ಒಂದೇ ಕೂಗು ಬಂತು. ಮಾಸ್ತರರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಆ ಕೈಯಿಂದಲೂ ಪ್ಯಾಂಟು ಹಿಡಿದುಕೊಂಡರು.

ಮುಚ್ಚಳ ತೆಗೆದವನು ಟೈಲರ್. ಟಕ್ಕೆಂದು ಸದ್ದಾಗದ ಹಾಗೆ, ರೇಷ್ಮೆಯ ಹೊಲಿಗೆ ಬಿಚ್ಚುವ ಕೈಯಿಂದ, ಕೂದಲೆಳೆ ಕೂದಲೆಳೆಯಾಗಿ ತೆಗೆದ. ಕಿಟಕಿಯ ಬೆಳಕು ಒಳಗಿಳಿಯಿತು. ಬಿಳಿ ಗುಂಡಿ, ಕಪ್ಪು ಗುಂಡಿ, ಚಿಪ್ಪಿನ ಗುಂಡಿ. ಹತ್ತಿಯ ಪಕ್ಕದಲ್ಲಿ ಒಂದು ಹಿತ್ತಾಳೆ ಗುಂಡಿ. ಅದರ ಮೇಲೆ ರಾಣಿ.

ಅಲ್ಲಾಡಿಸಿದ್ದಕ್ಕೆ ಅವಳು ಓಡಿರಲಿಲ್ಲ. ಆರು ಕಾಲನ್ನೂ ಊರಿ ನಿಂತಿದ್ದಳು. ಬಾಯಲ್ಲಿ ಸಾಸಿವೆಯ ಅರ್ಧದಷ್ಟು ಏನೋ ಬೆಳ್ಳಗೆ ಕಚ್ಚಿ ಹಿಡಿದಿದ್ದಳು.

ಮೇಡಂ ಕೊರಳಿನ ಭೂತಗನ್ನಡಿಯನ್ನು ತೆಗೆದು ತಾವು ನೋಡದೆ ಟೈಲರ್ ಕೈಗೆ ಕೊಟ್ಟರು. ಅವನು ಬಗ್ಗಿದ. ಬೆಳ್ಳಗಿದ್ದದ್ದು ಒಂದಲ್ಲ, ಎಂಟು. ಒಂದಕ್ಕೊಂದು ಅಂಟಿದ ಎಂಟು ಮೊಟ್ಟೆ, ಬೆಳಕು ಒಳಗೆ ಹಾಯುವಷ್ಟು ತೆಳ್ಳಗೆ. ಭೂಕಂಪವೇ ಆದಂತೆ ಪ್ರಪಂಚ ಮಗುಚಿದಾಗ ಅವಳು ಎತ್ತಿಕೊಂಡದ್ದು ಅಷ್ಟನ್ನೇ. ಭುಜದ ಮೇಲೆ ರೆಕ್ಕೆ ಇದ್ದ ಕಡೆ ನಾಲ್ಕು ಪುಟ್ಟ ಗುರುತು. ಹರಿದ ಗುರುತಲ್ಲ, ಟೈಲರ್‌ಗೆ ಹರಿದದ್ದೂ ಬಿಚ್ಚಿದ್ದೂ ಬೇರೆ ಬೇರೆ ಎಂದು ಗೊತ್ತಾಗುತ್ತಿತ್ತು. ಅಚ್ಚುಕಟ್ಟಾಗಿ ಬಿಚ್ಚಿದ ಗುರುತು.

"ಊಟಕ್ಕೇನು ಕೊಡ್ಬೇಕು ಮೇಡಂ?" ಎಂದ, ತಲೆ ಎತ್ತದೆ.

"ಏನೂ ಬೇಡ. ಮೊದಲ ಮಕ್ಕಳು ಬರೋತನಕ ಅವಳು ಏನೂ ತಿನ್ನಲ್ಲ. ಆ ಭುಜದೊಳಗೆ ಹಾರೋಕ್ಕೆ ಅಂತ ಇದ್ದ ಮಾಂಸ ಇದೆಯಲ್ಲ, ಅದನ್ನೇ ಕರಗಿಸಿ ಮಕ್ಕಳಿಗೆ ಉಣಿಸ್ತಾಳೆ. ಒಂದು ಮಧ್ಯಾಹ್ನ ಆಕಾಶ ನೋಡಿದ್ದು. ಇನ್ನು ಹತ್ತು ವರ್ಷ ಬದುಕಿದ್ರೂ ನೆಲದೊಳಗೇ."

ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಮಾಡಿ ಹೋಯಿತು.

"ಅಂದ್ರೆ," ಎಂದ ಟೈಲರ್ ನಿಧಾನವಾಗಿ, "ತನ್ನ ಮದುವೆ ಬಟ್ಟೆ ತಾನೇ ಬಿಚ್ಚಿ, ಅದರಲ್ಲೇ ಮಕ್ಕಳಿಗೆ ಅಂಗಿ ಹೊಲೀತಾಳೆ. ಒಂದು ಚಿಂದೀನೂ ವೇಸ್ಟ್ ಮಾಡದೆ."

ಇರುವೆ ಮೇಡಂ ಅವನತ್ತ ತಿರುಗಿದರು. "ಮೂವತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ. ಇಷ್ಟು ಸರಿಯಾಗಿ ನಾನೂ ಹೇಳಿಲ್ಲ."

ಮೇಷ್ಟ್ರು ಭೂತಗನ್ನಡಿಗಾಗಿ ಕೈ ಚಾಚಿದ. ಬಹಳ ಹೊತ್ತು ನೋಡಿದ. ತಿದ್ದಲು ಏನಾದರೂ ಸಿಕ್ಕೀತೇ ಎಂದು ಹುಡುಕಿದನೋ ಏನೋ, ಸಿಗಲಿಲ್ಲ. ಭೂತಗನ್ನಡಿ ಹಿಂದಿರುಗಿಸುತ್ತಾ ಮೇಜಿನ ಕಾಲಿಗೆ ಹೇಳುವವನ ಹಾಗೆ, "ಸರಿ ಭಾವ," ಎಂದ.

ಟೈಲರ್ ಕೇಳಿಸದವನಂತೆ ನಿಂತ. ಹೆಂಡತಿ ಅವನ ಬೆನ್ನಿಗೆ ಮೊಣಕೈಯಿಂದ ತಿವಿದಳು.

ಕಾರ್ಯದರ್ಶಿ ಕೆಮ್ಮಿದ. "ಈ ಮೂಲಕ ಕೇಳೋದೇನಂದ್ರೆ, ಇದನ್ನ ಕಟ್ಟಡದಿಂದ ಯಾವಾಗ..."

"ಅಲುಗಾಡಿಸೋ ಹಾಗಿಲ್ಲ," ಎಂದರು ಮೇಡಂ. "ಈಗ ಮುಚ್ಚಿಡಿ. ನಲವತ್ತು ದಿನ. ಡಬ್ಬಿ ಇಲ್ಲೇ, ಈ ಮೇಜಿನ ಮೇಲೇ ಇರಲಿ. ಬರವಣಿಗೇಲಿ ಕೊಡ್ಲಾ?"

ಕಾರ್ಯದರ್ಶಿ ಇನ್ನೊಮ್ಮೆ ಡಬ್ಬಿಯೊಳಗೆ ಇಣುಕಿದ. "ಬೇಡ. ಮೌಖಿಕ ಸಾಕು," ಎಂದ. ಅವನ ಬಾಯಿಂದ ಬಂದ ಅತಿ ಗಿಡ್ಡ ನೋಟಿಸು ಅದು.

ಆಗ ಎಲ್ಲರಿಗೂ ಮಾಸ್ತರರ ನೆನಪಾಯಿತು. ಅವರು ಎರಡೂ ಕೈಯಲ್ಲಿ ಸೊಂಟ ಹಿಡಿದು ನಿಂತಿದ್ದರು.

"ಸಾರ್," ಎಂದ ಟೈಲರ್ ತಪ್ಪಿತಸ್ಥನಂತೆ, "ರಾಣಿ ನಿಂತಿರೋದು ನಿಮ್ಮ ಗುಂಡಿ ಮೇಲೆ."

"ಕಂಡೆ."

"ನಾಳೆ ಅನ್ನಲ್ಲ ಸಾರ್. ನಲವತ್ತು ದಿನ. ಒಂದು ದಿನ ಹೆಚ್ಚಾಗಲ್ಲ. ಬೇರೆ ಗುಂಡಿ ಹಾಕಿಕೊಡ್ಲಾ ಅಲ್ಲೀತನಕ?"

ಮಾಸ್ತರರು ಡಬ್ಬಿ ನೋಡಿದರು. "ಬೇಡ. ಹಿಡಿದುಕೊಳ್ಳುವೆ."

ಹಿಡಿದುಕೊಂಡರು. ದಿನವೂ ಬೀದಿಯಲ್ಲಿ ಒಂದು ಕೈ ಸೊಂಟದ ಮೇಲಿಟ್ಟೇ ನಡೆದರು. ಗೊತ್ತಿಲ್ಲದವರು ಬೆನ್ನು ನೋವೆಂದು ಮುಲಾಮು ಹೇಳಿದರು. ಟೈಲರ್ ವಾರಕ್ಕೊಮ್ಮೆ ಹೋಗಿ ಹತ್ತಿಗೆ ಎರಡು ಹನಿ ನೀರು ಬಿಟ್ಟು ಬರುತ್ತಿದ್ದ; ಹೋಗುವಾಗ ಚಪ್ಪಲಿಯನ್ನು ಕೆಳಮಹಡಿಯಲ್ಲೇ ಬಿಡುತ್ತಿದ್ದ. ಇನ್ನೊಂದು ವಿಶೇಷ, ಆ ದಿನಗಳಲ್ಲಿ ಹನ್ನೊಂದು ಜನರ ಬಟ್ಟೆ ಹೇಳಿದ ದಿನವೇ ಸಿಕ್ಕಿತು. ಇಬ್ಬರು ಗಾಬರಿಯಾಗಿ ಅವನ ಆರೋಗ್ಯ ವಿಚಾರಿಸಿದರು.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಚೀಟಿ ಬಂತು: "ಬಂದವು. ಮೂರು. ಬೇಗ ಬಾ."

ಟೈಲರ್, ಹೆಂಡತಿ, ಮೇಷ್ಟ್ರು, ಇರುವೆ ಮೇಡಂ ಮೇಜಿನ ಸುತ್ತ ಬಗ್ಗಿದರು. ಕಾರ್ಯದರ್ಶಿ ಕರೆಯದೆ ಬಂದು ಬಗ್ಗಿದ. ಹಿತ್ತಾಳೆ ಗುಂಡಿಯ ಅಂಚಿನಲ್ಲಿ ಮೂರು ಇರುವೆಗಳು, ಇನ್ನೂ ಬಣ್ಣ ಕೂಡ ಬಾರದ, ತಿಳಿ ಚಹಾದ ಬಣ್ಣದ ಮೂರು ಮರಿಗಳು. ಒಂದು ಆಗಲೇ ತಾಯಿಯ ತಲೆ ಸವರುತ್ತಿತ್ತು. ಇನ್ನೊಂದು ಒಡೆಯದ ಗೂಡಿನ ಪೊರೆಯನ್ನು ಬಿಡಿಸಲು ಹೆಣಗುತ್ತಿತ್ತು, ಒಳಗಿದ್ದ ತಂಗಿಗಾಗಿ. ಹುಟ್ಟಿ ಒಂದು ಗಳಿಗೆಯಾಗಿಲ್ಲ, ಕೆಲಸಕ್ಕೆ ಇಳಿದಿದ್ದವು. ಯಾರೂ ನಾಳೆ ಎನ್ನಲಿಲ್ಲ.

"ಭೂತಗನ್ನಡಿ," ಎಂದರು ಮಾಸ್ತರರು.

ಮೇಡಂ ಕೊಟ್ಟರು. ಮಾಸ್ತರರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದರು. ಮತ್ತೆ, ಜೀವಮಾನವೆಲ್ಲ ಪದ ಎಣಿಸಿ ಆಡಿದ ಆ ಮನುಷ್ಯ, ನಿಲ್ಲಿಸದೆ ಮಾತಾಡತೊಡಗಿದರು. "ನೋಡ್ರಪ್ಪಾ, ಇಷ್ಟು ವರ್ಷ ನಾನು ಊರಿನವರಿಗೆಲ್ಲ ಹುಟ್ಟಿದ್ದು ಸತ್ತಿದ್ದು ಬಂದಿದ್ದು ಹೋಗಿದ್ದು ತಂತಿ ಕಳಿಸಿದ್ದೀನಿ, ಆದ್ರೆ ಒಂದು ಜೀವ ಬರೋದನ್ನ ಇಷ್ಟು ಹತ್ತಿರದಿಂದ ಕೂತು ನೋಡಿರಲಿಲ್ಲ, ಅದೂ ನನ್ನದೇ ಗುಂಡಿಯ ಮೇಲೆ, ಅಗೋ ನೋಡಿ ಆ ಚಿಕ್ಕದು ಹೇಗೆ ಕಾಲೂರ್ತಾ ಇದೆ, ಅಮ್ಮನ್ನ ನೋಡ್ತಾ ಇದೆ, ಟೈಲರ್ರೇ, ಆ ಗುಂಡಿ ಇನ್ನು ಅವರದ್ದು, ನನಗೇನೂ ಅವಸರ ಇಲ್ಲ..."

ಆ ಹೊತ್ತಿಗೆ ಪ್ಯಾಂಟು ಮೆಲ್ಲಗೆ ಜಾರಿ ಅವರ ಪಾದದ ಸುತ್ತ ಕುಸಿದು ಕೂತಿತು. ಕೋಣೆಯಲ್ಲಿ ಆರು ಜನರಿದ್ದರು. ಒಬ್ಬರೂ ನೋಡಲಿಲ್ಲ.